ಡಿ ಡ್ರೈವ್ ಮುಟ್ಟಿಲ್ಲ, ಆದರೂ ಫೈಲ್ ತೆರೆಯುತ್ತಿಲ್ಲ: ವಿಂಡೋಸ್ ಹೊಸದಾಗಿ ಹಾಕಿದ ಮೇಲೆ ಬೀಗ ಬಿದ್ದ ಕಡತಗಳನ್ನು ಬಿಡಿಸಿಕೊಳ್ಳುವ ಬಗೆ

"ಡಿ ಡ್ರೈವ್ ಮುಟ್ಟೋದಿಲ್ಲ ಸಾರ್, ಬರೀ ಸಿ ಫಾರ್ಮ್ಯಾಟ್ ಹೊಡೀತೀವಿ." ದಾವಣಗೆರೆಯಲ್ಲಿ ಯಾವ ಕಂಪ್ಯೂಟರ್ ರಿಪೇರಿ ಅಂಗಡಿಗೆ ಹೋದರೂ ಈ ಮಾತು ಕೇಳಿರುತ್ತೀರಿ. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಬಂದವನು. ಬಹಳ ಸಲ ಅದು ನಿಜವೂ ಹೌದು. ಒಂದು ಸಂದರ್ಭದಲ್ಲಿ ಮಾತ್ರ ಅದೇ ಮಾತು ಮುಳುವಾಗುತ್ತದೆ. ಡಿ ಡ್ರೈವಿನ ಫೈಲುಗಳಿಗೆ ಯಾರೋ ಬೀಗ ಹಾಕಿರುತ್ತಾರೆ, ಆ ಬೀಗದ ಕೀಲಿಯನ್ನು ವಿಂಡೋಸ್ ಸಿ ಡ್ರೈವಿನಲ್ಲಿ ಇಟ್ಟುಕೊಂಡಿರುತ್ತದೆ. ನಾವು ಬೀಗವನ್ನು ಜೋಪಾನ ಮಾಡಿ ಕೀಲಿಯನ್ನು ಅಳಿಸಿಬಿಡುತ್ತೇವೆ.

ಮೆಕ್ಕೆಜೋಳದ ಆವಕ ಇಳಿಯುತ್ತಿದ್ದ ಹೊತ್ತಿನಲ್ಲಿ ಎಪಿಎಂಸಿ ಯಾರ್ಡಿನ ದಲ್ಲಾಳಿ ಅಂಗಡಿಯ ಯಜಮಾನರೊಬ್ಬರು ಸಿಪಿಯುವನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಆಟೋದಲ್ಲಿ ತಂದರು. ಬೇರೆ ಕಡೆ ವಿಂಡೋಸ್ ಹೊಸದಾಗಿ ಹಾಕಿಸಿದ್ದರು. ಡಿ ಡ್ರೈವಿನಲ್ಲಿ ‘ಲೆಕ್ಕ’ ಅನ್ನೋ ಫೋಲ್ಡರ್ ಹಾಗೇ ಇತ್ತು. ಒಳಗೆ ಆರು ವರ್ಷದ ಕಡತ, ಗಾತ್ರವೂ ಸರಿಯಾಗಿಯೇ ತೋರಿಸುತ್ತಿತ್ತು. ತೆರೆಯಲು ಹೋದರೆ ‘ಆಕ್ಸೆಸ್ ಡಿನೈಡ್’. ಪ್ರತಿ ಫೈಲಿನ ಚಿತ್ರದ ಮೇಲೂ ಸಾಸಿವೆಯಷ್ಟು ಗಾತ್ರದ ಹಳದಿ ಬೀಗ. "ಬೀಗ ಹಾಕಿದೆ ಅಂದ್ರೆ ಭದ್ರವಾಗಿದೆ ಅಂತ ಅಲ್ವೇನ್ರೀ?" ಅಂದರು. ಭದ್ರವಾಗಿಯೇ ಇತ್ತು. ಯಜಮಾನರಿಗೂ ತೆರೆಯದಷ್ಟು ಭದ್ರ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಮನೆ, ಅಂಗಡಿಗಳ ಎಷ್ಟೋ ಯಂತ್ರಗಳಿಗೆ ಹೊಸ ವಿಂಡೋಸ್ ಬೀಳುತ್ತಿದೆ. ಹಾಗಾಗಿ ಈ ವಿಷಯವನ್ನು ಒಂದೇ ಕಡೆ ಬರೆದಿಡೋಣ ಅನ್ನಿಸಿತು. ಕಮಾಂಡ್‌ಗಳನ್ನು ಗಿರಾಕಿಗಳಿಗೆ ಫೋನಿನಲ್ಲಿ ಹೇಳುವ ಹಾಗೆಯೇ ಕನ್ನಡ ಅಕ್ಷರದಲ್ಲಿ ಕೊಟ್ಟಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ.

ಮೊದಲು ಇದು ಯಾವ ಬೀಗ ಅಂತ ನೋಡಿ

ಫೈಲ್ ತೆರೆಯುತ್ತಿಲ್ಲ ಅಂದ ತಕ್ಷಣ ಎನ್‌ಕ್ರಿಪ್ಷನ್, ಅಂದರೆ ಕೀಲಿಯಿಲ್ಲದೆ ಓದಲಾಗದಂತೆ ಒಳಗಿನದನ್ನು ಕಲಸಿಡುವ ಬೀಗ, ಅಂದುಕೊಳ್ಳಬೇಡಿ. ನನ್ನ ಹತ್ತಿರ ಬರುವ ಕೇಸುಗಳಲ್ಲಿ ಹೆಚ್ಚಿನವು ಬರೀ ಅನುಮತಿಯ ಗೋಜಲು. ಹಳೆಯ ವಿಂಡೋಸಿನ ಬಳಕೆದಾರನ ಹೆಸರಿನಲ್ಲಿದ್ದ ಫೈಲನ್ನು ಹೊಸ ವಿಂಡೋಸಿನ ಬಳಕೆದಾರ ಮುಟ್ಟಿದರೆ ಅದು ‘ನೀನ್ಯಾರು’ ಅನ್ನುತ್ತದೆ. ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಸೆಕ್ಯೂರಿಟಿ, ಅಡ್ವಾನ್ಸ್ಡ್‌ಗೆ ಹೋಗಿ ಓನರ್ ಜಾಗದಲ್ಲಿ ನಿಮ್ಮ ಹೆಸರು ಹಾಕಿಕೊಂಡು, ಪೂರ್ಣ ಅನುಮತಿ ಕೊಟ್ಟುಕೊಂಡರೆ ಮುಗಿಯಿತು.

ಇದೇ ಪ್ರಾಪರ್ಟೀಸ್‌ನ ಮೊದಲ ಪುಟದಲ್ಲಿ, ಅಂದರೆ ಜನರಲ್‌ನಲ್ಲಿ, ಇನ್ನೊಂದು ಅಡ್ವಾನ್ಸ್ಡ್ ಗುಂಡಿ ಇದೆ. ಅದನ್ನು ಒತ್ತಿ. ‘ಎನ್‌ಕ್ರಿಪ್ಟ್ ಕಂಟೆಂಟ್ಸ್ ಟು ಸೆಕ್ಯೂರ್ ಡೇಟಾ’ ಎಂಬ ಸಾಲಿನ ಮುಂದೆ ಟಿಕ್ ಇದ್ದರೆ ನಿಮ್ಮದು ಇಎಫ್‌ಎಸ್ (ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್), ವಿಂಡೋಸ್ 2000ದಿಂದಲೂ ಇರುವ ಫೈಲ್ ಬೀಗ. ಹಳೆಯ ವಿಂಡೋಸ್‌ಗಳಲ್ಲಿ ಇಂಥ ಫೈಲಿನ ಹೆಸರು ಹಸಿರು ಬಣ್ಣಕ್ಕೆ ತಿರುಗುತ್ತಿತ್ತು, ಈಗ ಹಳದಿ ಬೀಗ ಕೂರುತ್ತದೆ. ಓನರ್ ಬದಲಿಸಿದರೆ ಇದಕ್ಕೆ ಏನೂ ಆಗುವುದಿಲ್ಲ. ಮನೆ ನಿಮ್ಮ ಹೆಸರಿಗೆ ಖಾತೆ ಆಯಿತು, ಬೀರು ತೆರೆಯಲಿಲ್ಲ, ಅಷ್ಟೇ.

ಒಂದೊಂದು ಫೈಲ್ ಅಲ್ಲ, ಇಡೀ ಡಿ ಡ್ರೈವೇ 48 ಅಂಕಿಯ ಕೀ ಕೇಳುತ್ತಿದ್ದರೆ ಅದು ಬಿಟ್‌ಲಾಕರ್, ಇಡೀ ಡ್ರೈವಿಗೆ ಬೀಳುವ ವಿಂಡೋಸ್ ಬೀಗ. ಅದರ ದಾರಿ ಬೇರೆ, ಕೆಳಗೆ ಬರುತ್ತದೆ. ಫೈಲುಗಳ ಬಾಲಕ್ಕೆ ಗುರುತಿಲ್ಲದ ಅಕ್ಷರ ಅಂಟಿಕೊಂಡು, ಪಕ್ಕದಲ್ಲಿ ಹಣ ಕೇಳುವ ಚೀಟಿಯೂ ಕೂತಿದ್ದರೆ ಅದು ರ‍್ಯಾನ್ಸಮ್‌ವೇರ್. ನೆಟ್ ಕೇಬಲ್ ಕಿತ್ತು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಈ ಲೇಖನ ಅದಕ್ಕೆ ಮದ್ದಲ್ಲ. ಇನ್ನು ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ತೆರೆದಾಗ ಕಂಪನಿಯ ಹೆಸರಿನ ಜಾಗದಲ್ಲಿ ಬರೀ ನಕ್ಷತ್ರ ಚಿಹ್ನೆಗಳು ಕಾಣುತ್ತಿದ್ದರೆ ಅದು ಟ್ಯಾಲಿ ವಾಲ್ಟ್, ಟ್ಯಾಲಿಯದೇ ಪಾಸ್‌ವರ್ಡ್ ಬೀಗ. ವಿಂಡೋಸ್ ಬದಲಾದದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಪಾಸ್‌ವರ್ಡ್ ಗೊತ್ತಿದ್ದರೆ ತೆರೆಯುತ್ತದೆ, ಮರೆತಿದ್ದರೆ ಹೋಯಿತು.

ಕೀಲಿ ಎಲ್ಲಿರುತ್ತದೆ

ಇದನ್ನು ತಿಳಿದುಕೊಳ್ಳದೆ ಮುಂದಕ್ಕೆ ಹೋಗಬೇಡಿ. ಇಲ್ಲವಾದರೆ ಸಿಕ್ಕಸಿಕ್ಕ ಸಾಫ್ಟ್‌ವೇರ್ ಹಾಕಿ, ಉಳಿದಿದ್ದನ್ನೂ ಅಳಿಸಿಕೊಳ್ಳುತ್ತೀರಿ.

ಇಎಫ್‌ಎಸ್‌ನಲ್ಲಿ ಒಂದರೊಳಗೊಂದು ಬೀಗಗಳಿವೆ. ಪ್ರತಿ ಫೈಲಿಗೂ ಅದರದೇ ಒಂದು ಕೀಲಿ. ಆ ಕೀಲಿಯನ್ನು ನಿಮ್ಮ ಹೆಸರಿನ ಸರ್ಟಿಫಿಕೇಟ್‌ನಿಂದ, ಅಂದರೆ ವಿಂಡೋಸ್ ನಿಮಗೆ ಮಾಡಿಕೊಟ್ಟ ಡಿಜಿಟಲ್ ಗುರುತುಪತ್ರದಿಂದ, ಬೀಗ ಹಾಕಿ ಫೈಲಿನ ಜೊತೆಗೇ ಡಿ ಡ್ರೈವಿನಲ್ಲಿ ಇಟ್ಟಿರುತ್ತದೆ. ಅದನ್ನು ಬಿಚ್ಚಲು ಬೇಕಾದ ಖಾಸಗಿ ಕೀಲಿ ಸಿ ಡ್ರೈವಿನಲ್ಲಿ, ನಿಮ್ಮ ಬಳಕೆದಾರ ಫೋಲ್ಡರಿನ ಒಳಗೆ ಇರುತ್ತದೆ. ಆ ಖಾಸಗಿ ಕೀಲಿಗೂ ಮಾಸ್ಟರ್ ಕೀ ಎಂಬ ಇನ್ನೊಂದು ಬೀಗ. ಮಾಸ್ಟರ್ ಕೀಯನ್ನು ಬಿಚ್ಚುವುದು ನೀವು ವಿಂಡೋಸಿಗೆ ಲಾಗಿನ್ ಆಗಲು ಹಾಕುತ್ತಿದ್ದ ಪಾಸ್‌ವರ್ಡ್.

ಅಂದರೆ ನಿಮಗೆ ಬೇಕಾದದ್ದು ಹಳೆಯ ಸಿ ಡ್ರೈವಿನ ಮೂರು ಫೋಲ್ಡರ್ ಮತ್ತು ಹಳೆಯ ಪಾಸ್‌ವರ್ಡ್. ಫೋಲ್ಡರ್‌ಗಳು ಇರುವ ದಾರಿ: ಯೂಸರ್ಸ್, ನಿಮ್ಮ ಹೆಸರು, ಆಪ್‌ಡೇಟಾ, ರೋಮಿಂಗ್, ಮೈಕ್ರೋಸಾಫ್ಟ್. ಅದರೊಳಗೆ ‘ಕ್ರಿಪ್ಟೋ’, ‘ಪ್ರೊಟೆಕ್ಟ್’, ‘ಸಿಸ್ಟಮ್ ಸರ್ಟಿಫಿಕೇಟ್ಸ್’. ಇಷ್ಟು ಸಿಕ್ಕರೆ ಕೆಲಸ ಆಗುತ್ತದೆ.

ಹೊಸ ವಿಂಡೋಸಿನಲ್ಲಿ ಅದೇ ಹೆಸರು, ಅದೇ ಪಾಸ್‌ವರ್ಡ್ ಕೊಟ್ಟು ಹೊಸ ಬಳಕೆದಾರನನ್ನು ಮಾಡಿದರೆ ಸಾಕು ಎಂದು ಬಹಳ ಜನ ಹೇಳುತ್ತಾರೆ. ಸಾಲದು. ವಿಂಡೋಸಿಗೆ ನಿಮ್ಮ ಹೆಸರು ಮುಖ್ಯವಲ್ಲ. ಅದು ಒಳಗೊಳಗೆ ಪ್ರತಿ ಬಳಕೆದಾರನಿಗೂ ಎಸ್-1-5-21 ಎಂದು ಶುರುವಾಗುವ ಉದ್ದದ ಸಂಖ್ಯೆ ಕೊಟ್ಟಿರುತ್ತದೆ. ಹೊಸದಾಗಿ ಹಾಕಿದಾಗ ಆ ಸಂಖ್ಯೆ ಬೇರೆ, ಕೀಲಿಯೂ ಬೇರೆ.

ಮೊದಲ ಕೆಲಸ: ಯಂತ್ರ ಆಫ್ ಮಾಡಿ

ಸಿ ಡ್ರೈವಿನಲ್ಲಿ ಅಳಿಸಿಹೋದ ಕೀಲಿಯ ಚೂರು ಎಲ್ಲೋ ಉಳಿದಿರಬಹುದು. ಹೊಸ ವಿಂಡೋಸ್ ಸುಮ್ಮನೆ ಆನ್ ಇದ್ದರೂ ಅಪ್‌ಡೇಟ್ ಇಳಿಸಿಕೊಳ್ಳುತ್ತಾ ಅದರ ಮೇಲೇ ಬರೆಯುತ್ತಿರುತ್ತದೆ. ಎಸ್‌ಎಸ್‌ಡಿ ಆದರಂತೂ ಟ್ರಿಮ್ ಅನ್ನೋ ವ್ಯವಸ್ಥೆ ಇದೆ: ಅಳಿಸಿದ ಜಾಗವನ್ನು ಡ್ರೈವ್ ತಾನೇ ಗುಡಿಸಿ ಖಾಲಿ ಮಾಡಿಕೊಳ್ಳುತ್ತದೆ. ಆದ್ದರಿಂದ ಆಫ್ ಮಾಡಿ, ಡ್ರೈವ್ ಬಿಚ್ಚಿ, ಇನ್ನೊಂದು ಯಂತ್ರಕ್ಕೆ ಸಿಕ್ಕಿಸಿ ಇಡೀ ಡ್ರೈವಿನ ಇಮೇಜ್ ತೆಗೆಯಿರಿ. ಫೈಲ್ ಕಾಪಿ ಬೇರೆ, ಇಮೇಜ್ ಬೇರೆ. ಇಮೇಜ್ ಅಂದರೆ ಖಾಲಿ ಜಾಗವನ್ನೂ ಸೇರಿಸಿ ಮೊದಲಿನಿಂದ ಕೊನೆಯವರೆಗೆ ನಕಲು. ಲಿನಕ್ಸ್ ಪೆನ್ ಡ್ರೈವಿನಿಂದ ಬೂಟ್ ಮಾಡಿ ಡಿಡಿರೆಸ್ಕ್ಯೂನಿಂದ ತೆಗೆದರೆ ಡ್ರೈವ್ ಸ್ವಲ್ಪ ಕೆಟ್ಟಿದ್ದರೂ ತೊಂದರೆಯಿಲ್ಲ. ಮುಂದಿನ ಪ್ರಯೋಗವೆಲ್ಲ ಆ ನಕಲಿನ ಮೇಲೆ. ಅಸಲನ್ನು ಕವರಿಗೆ ಹಾಕಿ ಎತ್ತಿಡಿ.

ಎರಡನೆಯದು: ಕೀಲಿಯ ನಕಲು ಎಲ್ಲಾದರೂ ಇದೆಯಾ

ವಿಸ್ಟಾದಿಂದ ಈಚೆಗೆ, ಮೊದಲ ಸಲ ಫೈಲ್ ಎನ್‌ಕ್ರಿಪ್ಟ್ ಮಾಡಿದಾಗ ವಿಂಡೋಸ್ ಮೂಲೆಯಲ್ಲಿ ‘ಕೀಲಿಯ ಬ್ಯಾಕಪ್ ತೆಗೆದುಕೊಳ್ಳಿ’ ಎಂದು ಕೇಳುತ್ತದೆ. ಹೆಚ್ಚಿನವರು ಅದನ್ನು ಮುಚ್ಚಿಬಿಡುತ್ತಾರೆ. ಕೆಲವರು ಏನೆಂದು ತಿಳಿಯದೆಯೇ ‘ನೆಕ್ಸ್ಟ್ ನೆಕ್ಸ್ಟ್’ ಒತ್ತಿ ಉಳಿಸಿರುತ್ತಾರೆ! ಅಂಥವರೇ ಪುಣ್ಯವಂತರು. ಮನೆಯಲ್ಲಿರುವ ಪೆನ್ ಡ್ರೈವ್, ಹಳೆಯ ಸಿಡಿ, ಮೇಲ್‌ನಲ್ಲಿ ಕಳಿಸಿಕೊಂಡ ಫೈಲ್, ಎಲ್ಲದರಲ್ಲೂ ಪಿಎಫ್‌ಎಕ್ಸ್ ಎಂದು ಕೊನೆಯಾಗುವ ಫೈಲ್ ಹುಡುಕಿ.

ಸಿಕ್ಕರೆ, ಅದು ಈ ಬೀಗದ್ದೇ ಕೀಲಿಯೋ ಎಂದು ನೋಡಬೇಕು. ಕಮಾಂಡ್ ಪ್ರಾಂಪ್ಟ್ ತೆರೆದು ಸಿ-ಐ-ಪಿ-ಎಚ್-ಇ-ಆರ್, ಅಂದರೆ ಸೈಫರ್, ಜಾಗ, ಸ್ಲ್ಯಾಶ್ ಸಿ, ಜಾಗ, ಆಮೇಲೆ ಬೀಗ ಬಿದ್ದ ಫೈಲಿನ ಪೂರ್ತಿ ದಾರಿ. ಎಂಟರ್ ಒತ್ತಿದರೆ ಈ ಫೈಲನ್ನು ಯಾರು ಬಿಚ್ಚಬಹುದು ಎಂಬ ಪಟ್ಟಿಯೂ, ಅವರ ಸರ್ಟಿಫಿಕೇಟಿನ ‘ಥಂಬ್‌ಪ್ರಿಂಟ್’, ಅಂದರೆ 40 ಅಕ್ಷರ-ಅಂಕಿಗಳ ಗುರುತೂ ಬರುತ್ತದೆ. ಅದನ್ನು ಬರೆದಿಟ್ಟುಕೊಳ್ಳಿ, ಮುಂದೆಯೂ ಬೇಕು. ಪಟ್ಟಿಯ ಕೆಳಗೆ ರಿಕವರಿ ಸರ್ಟಿಫಿಕೇಟ್ ಎಂದೇನಾದರೂ ಇದ್ದರೆ, ಅದು ಕಚೇರಿಯ ಡೊಮೇನ್‌ಗೆ, ಅಂದರೆ ಐಟಿಯವರು ಒಂದೇ ಕಡೆಯಿಂದ ನೋಡಿಕೊಳ್ಳುವ ಜಾಲಕ್ಕೆ, ಸೇರಿದ ಯಂತ್ರವಾಗಿದ್ದರೆ, ನೀವು ತಲೆ ಕೆಡಿಸಿಕೊಳ್ಳಬೇಕಿಲ್ಲ. ಕಚೇರಿಯ ಐಟಿಯವರ ಹತ್ತಿರ ಎರಡನೇ ಕೀಲಿ ಇರಬೇಕು.

ಪಿಎಫ್‌ಎಕ್ಸ್ ಮೇಲೆ ಡಬಲ್ ಕ್ಲಿಕ್ ಮಾಡಿ, ‘ಕರೆಂಟ್ ಯೂಸರ್’ ಆರಿಸಿ, ಅದನ್ನು ಉಳಿಸಿದಾಗ ಕೊಟ್ಟಿದ್ದ ಪಾಸ್‌ವರ್ಡ್ ಹಾಕಿ. ‘ಪರ್ಸನಲ್’ ಎಂಬ ಕಡೆ ಸೇರಿಸಿ. ಆಮೇಲೆ ಫೈಲ್ ತೆರೆದು ನೋಡಿ. ಇಷ್ಟೇ ಕೆಲಸ.

ಮೂರನೆಯದು: ಹಳೆಯ ಡ್ರೈವ್ ಎಲ್ಲಿ ಹೋಯಿತು

ಇದನ್ನು ಕೇಳದೆ ಸಾಫ್ಟ್‌ವೇರ್ ಕೊಳ್ಳಲು ಓಡುವವರನ್ನು ನೋಡಿದ್ದೇನೆ. ಈಚೆಗೆ ವಿಂಡೋಸ್ ಹೊಸದಾಗಿ ಹಾಕಿಸುವ ಜೊತೆಗೇ ಡ್ರೈವ್ ಕೂಡ ಬದಲಿಸುವುದು ಜಾಸ್ತಿ. ಹಳೆಯದು ಸುಟ್ಟುಹೋಗಿರುವುದಿಲ್ಲ, ನಿಧಾನವಾಗಿರುತ್ತದೆ. ದಲ್ಲಾಳಿ ಅಂಗಡಿಯ ಯಜಮಾನರನ್ನು ಹೀಗೇ ಕೇಳಿದೆ. "ಹಳೇದು ನಿಮ್ಮತ್ರನೇ ಇರ್ಲಿ ಅಂತ ಏನೋ ಒಂದು ತಗಡು ಕೊಟ್ಟಿದ್ರಪ್ಪ" ಅಂದರು. ಅವರ ಅಳಿಯ ಬೈಕಿನಲ್ಲಿ ಹೋಗಿ ತಂದ. ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಲ್ಲಿ, ತೂಕದ ಚೀಟಿಗಳ ಕಟ್ಟಿನ ಅಡಿ, ದಿನಪತ್ರಿಕೆಯ ತುಂಡಿನಲ್ಲಿ ಸುತ್ತಿದ್ದ 120 ಜಿಬಿಯ ಎಸ್‌ಎಸ್‌ಡಿ. ಅದೇ ಹಳೆಯ ಸಿ ಡ್ರೈವ್, ಒಂದಕ್ಷರವೂ ಅಳಿಸದೆ.

ಅದನ್ನು ಅದೇ ಯಂತ್ರಕ್ಕೆ ಸಿಕ್ಕಿಸಿ ಬೂಟ್ ಮಾಡಿದೆ. ಒಂದು ಚಹಾ ಕುಡಿದು ಮುಗಿಸುವಷ್ಟು ಹೊತ್ತು ಸುತ್ತಿ ಸುತ್ತಿ ಕೊನೆಗೆ ಹಳೆಯ ಡೆಸ್ಕ್‌ಟಾಪ್ ಬಂತು. ಹಳೆಯ ಪಾಸ್‌ವರ್ಡ್ ಹಾಕಿ ಒಳಗೆ ಹೋದರೆ ಡಿ ಡ್ರೈವಿನ ‘ಲೆಕ್ಕ’ ಏನೂ ಆಗೇ ಇಲ್ಲವೆಂಬಂತೆ ತೆರೆಯಿತು. ಬೀಗ ಹಾಕಿದ್ದವನು ಯಾರು ಎಂಬುದೂ ಆಗಲೇ ಗೊತ್ತಾಗಿದ್ದು. ಕೆಲಸ ಬಿಟ್ಟುಹೋದ ಗುಮಾಸ್ತ ಎಂದು ಯಜಮಾನರು ಬೈಯುತ್ತಿದ್ದರು, ಪಕ್ಕದಲ್ಲೇ ನಿಂತಿದ್ದ ಅಳಿಯ "ಸೇಫ್ಟಿಗೆ ಅಂತ ನಾನೇ ಟಿಕ್ ಹಾಕಿದ್ದೆ ಮಾವ" ಅಂದ.

ನಿಮಗೂ ಹೀಗೆ ಹಳೆಯ ಡ್ರೈವ್ ಸಿಕ್ಕಿ, ಬೂಟ್ ಆದರೆ, ಆ ಸಂತೋಷದಲ್ಲಿ ಫೈಲ್ ನೋಡಿ ಸುಮ್ಮನಾಗಬೇಡಿ. ವಿಂಡೋಸ್ ಕೀ ಜೊತೆಗೆ ಆರ್ ಒತ್ತಿ, ಸರ್ಟ್‌ಎಂಜಿಆರ್ ಡಾಟ್ ಎಂಎಸ್‌ಸಿ ಎಂದು ಕೊಡಿ. ಪರ್ಸನಲ್, ಸರ್ಟಿಫಿಕೇಟ್ಸ್ ಒಳಗೆ, ಉದ್ದೇಶದ ಜಾಗದಲ್ಲಿ ‘ಎನ್‌ಕ್ರಿಪ್ಟಿಂಗ್ ಫೈಲ್ ಸಿಸ್ಟಮ್’ ಎಂದಿರುವುದನ್ನು ಆರಿಸಿ, ರೈಟ್ ಕ್ಲಿಕ್, ಆಲ್ ಟಾಸ್ಕ್ಸ್, ಎಕ್ಸ್‌ಪೋರ್ಟ್. ಖಾಸಗಿ ಕೀಲಿಯನ್ನೂ ಸೇರಿಸು ಎಂಬುದಕ್ಕೆ ‘ಯೆಸ್’ ಅನ್ನಬೇಕು. ಇಲ್ಲಿ ‘ನೋ’ ಅಂದರೆ ಸಿಗುವುದು ಬರೀ ಬೀಗದ ಫೋಟೋ. ಹೊರಬಂದ ಪಿಎಫ್‌ಎಕ್ಸ್ ಅನ್ನು ಎರಡು ಕಡೆ ಇಟ್ಟು, ಹೊಸ ವಿಂಡೋಸಿನಲ್ಲಿ ಮೇಲೆ ಹೇಳಿದ ಹಾಗೆ ಸೇರಿಸಿ.

ನಾಲ್ಕನೆಯದು: ವಿಂಡೋಸ್ ಡಾಟ್ ಓಲ್ಡ್

ಫಾರ್ಮ್ಯಾಟ್ ಮಾಡದೆ ಹಳೆಯದರ ಮೇಲೇ ಹೊಸ ವಿಂಡೋಸ್ ಹಾಕಿದ್ದರೆ, ಸಿ ಡ್ರೈವಿನಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಇರುತ್ತದೆ. ಹಳೆಯ ಮನೆಯ ಸಾಮಾನೆಲ್ಲ ಅದರಲ್ಲೇ. ಆದರೆ ವಿಂಡೋಸ್ ಅದನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಅಪ್‌ಗ್ರೇಡ್ ಆದ ಯಂತ್ರದಲ್ಲಿ 10 ದಿನಕ್ಕೆ ತಾನೇ ತೆಗೆದುಹಾಕುತ್ತದೆ. ಡಿಸ್ಕ್ ಕ್ಲೀನಪ್ ಒತ್ತಿದರೆ ಇವತ್ತೇ ಹೋಗುತ್ತದೆ. ಕಂಡ ಕೂಡಲೇ ಇಡೀ ಫೋಲ್ಡರನ್ನು ಹೊರಗಿನ ಡ್ರೈವಿಗೆ ನಕಲು ಮಾಡಿ.

ಅದರೊಳಗೆ ಆ ಮೂರು ಫೋಲ್ಡರ್‌ಗಳನ್ನು ಹುಡುಕುವಾಗ ‘ಪ್ರೊಟೆಕ್ಟ್’ ಖಾಲಿ ಎಂದು ಕಾಣಬಹುದು. ಖಾಲಿ ಇರುವುದಿಲ್ಲ, ಅಡಗಿರುತ್ತದೆ. ಫೋಲ್ಡರ್ ಆಪ್ಷನ್ಸ್‌ನಲ್ಲಿ ಹಿಡನ್ ಫೈಲ್ ತೋರಿಸು ಎಂಬುದನ್ನು ಹಾಕಿದರೆ ಸಾಲದು. ಅದರ ಕೆಳಗಿರುವ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಟಿಕ್ ಅನ್ನೂ ತೆಗೆಯಬೇಕು. ಆಗ ಎಸ್-1-5-21 ಎಂದು ಶುರುವಾಗುವ ಫೋಲ್ಡರ್, ಅದರೊಳಗೆ ಅರ್ಧ ಕೆಬಿಯೂ ಇಲ್ಲದ ಪುಟ್ಟ ಫೈಲುಗಳು ಕಾಣುತ್ತವೆ. ಅವೇ ಮಾಸ್ಟರ್ ಕೀಗಳು. ಆ ಫೋಲ್ಡರಿನ ಹೆಸರು ಉದ್ದವಾಯಿತೆಂದು ಬದಲಿಸಬೇಡಿ. ಬೀಗ ಬಿಚ್ಚುವ ಲೆಕ್ಕದಲ್ಲಿ ಪಾಸ್‌ವರ್ಡಿನ ಜೊತೆ ಆ ಹೆಸರೂ ಸೇರುತ್ತದೆ.

‘ಸಿಸ್ಟಮ್ ಸರ್ಟಿಫಿಕೇಟ್ಸ್’ ಒಳಗೆ ‘ಮೈ’, ಅದರೊಳಗೆ ‘ಸರ್ಟಿಫಿಕೇಟ್ಸ್’. ಅಲ್ಲಿ ನೀವು ಬರೆದಿಟ್ಟುಕೊಂಡ 40 ಅಕ್ಷರದ ಗುರುತೇ ಹೆಸರಾಗಿರುವ ಫೈಲ್ ಇದೆಯಾ ನೋಡಿ. ಇದ್ದರೆ ಸರಿಯಾದ ಮನೆಗೇ ಬಂದಿದ್ದೀರಿ.

ಐದನೆಯದು: ಮೂರು ಫೋಲ್ಡರಿನಿಂದ ಕೀಲಿ ಕಟ್ಟುವುದು

ಎರಡು ದಾರಿ ಇವೆ. ಹಣ ಕೊಡುವ ದಾರಿ ಸುಲಭ. ಎಲ್ಕಮ್‌ಸಾಫ್ಟ್‌ನವರ ಅಡ್ವಾನ್ಸ್ಡ್ ಇಎಫ್‌ಎಸ್ ಡೇಟಾ ರಿಕವರಿ ಎಂಬ ಸಾಫ್ಟ್‌ವೇರ್ ಡ್ರೈವನ್ನೆಲ್ಲ ಜಾಲಾಡಿ ಕೀಲಿಗಳನ್ನು ಹುಡುಕಿ, ಹಳೆಯ ಪಾಸ್‌ವರ್ಡ್ ಕೊಟ್ಟರೆ ಫೈಲ್ ಬಿಚ್ಚಿಕೊಡುತ್ತದೆ. ಅಳಿಸಿಹೋದ ಕೀಲಿಗಳನ್ನೂ ಸೆಕ್ಟರ್ ಸೆಕ್ಟರ್ ನೋಡಿ ಹುಡುಕುತ್ತದೆ. ಕೊಳ್ಳುವ ಮೊದಲು ಪ್ರಯೋಗದ ಆವೃತ್ತಿ ಹಾಕಿ ಕೀಲಿ ಸಿಗುತ್ತದಾ ನೋಡಿ. ಸಿಗದಿದ್ದರೆ ಹಣ ಕಟ್ಟಿಯೂ ಪ್ರಯೋಜನವಿಲ್ಲ.

ಇನ್ನೊಂದು ದಾರಿ ಬಿಟ್ಟಿ, ಆದರೆ ಬೆವರು ಇಳಿಸುತ್ತದೆ. ಫ್ರಾನ್ಸಿನ ಬೆಂಜಮಿನ್ ಡೆಲ್ಪಿ ಬರೆದ ಮಿಮಿಕ್ಯಾಟ್ಜ್ ಎಂಬ ಸಲಕರಣೆ. ಕಳ್ಳರೂ ಇದನ್ನೇ ಬಳಸುವುದರಿಂದ ಆಂಟಿವೈರಸ್ ಕಂಡೊಡನೆ ಕಿತ್ತೆಸೆಯುತ್ತದೆ. ಹಾಗಾಗಿ ನೆಟ್ ಇಲ್ಲದ, ಬೇರೇನೂ ಇಲ್ಲದ ಯಂತ್ರದಲ್ಲಿ ಮಾತ್ರ ಬಳಸಿ. ನಿಮ್ಮದೇ ಫೈಲಿಗೆ, ಇಲ್ಲವೇ ಎದುರು ಕೂತ ಗಿರಾಕಿಯ ಫೈಲಿಗೆ ಮಾತ್ರ. ಕೆಲಸದ ಕ್ರಮ ಹೀಗೆ. ಮೊದಲು ಅದರ ಕ್ರಿಪ್ಟೋ ವಿಭಾಗದ ಸಿಸ್ಟಮ್ ಕಮಾಂಡಿಗೆ 40 ಅಕ್ಷರದ ಹೆಸರಿನ ಫೈಲ್ ತೋರಿಸಿದರೆ ಸರ್ಟಿಫಿಕೇಟ್ ಹೊರಗೆ ಬರುತ್ತದೆ, ಅದರ ಕೀಲಿ ಯಾವ ಪೆಟ್ಟಿಗೆಯಲ್ಲಿದೆ ಎಂಬ ಹೆಸರೂ ಬರುತ್ತದೆ. ಆಮೇಲೆ ‘ಕ್ರಿಪ್ಟೋ’ ಫೋಲ್ಡರಿನ ‘ಆರ್‌ಎಸ್‌ಎ’ ಒಳಗಿನ ಫೈಲನ್ನು ಡಿಪಿಎಪಿಐ ವಿಭಾಗದ ಕ್ಯಾಪಿ ಕಮಾಂಡಿಗೆ ತೋರಿಸಿದರೆ, ‘ನನಗೆ ಈ ಮಾಸ್ಟರ್ ಕೀ ಬೇಕು’ ಎಂದು ಒಂದು ಗುರುತು ಹೇಳುತ್ತದೆ. ಆ ಗುರುತಿನ ಹೆಸರಿರುವ ಫೈಲ್ ‘ಪ್ರೊಟೆಕ್ಟ್’ ಒಳಗೆ ಸಿಗುತ್ತದೆ. ಅದನ್ನು ಮಾಸ್ಟರ್‌ಕೀ ಕಮಾಂಡಿಗೆ ಹಳೆಯ ಪಾಸ್‌ವರ್ಡಿನ ಜೊತೆ ಕೊಡಿ. ಪಾಸ್‌ವರ್ಡ್ ಸರಿ ಇದ್ದರೆ ಕೀಲಿ ಕಾಣುತ್ತದೆ. ಮತ್ತೆ ಕ್ಯಾಪಿ ಕಮಾಂಡಿಗೆ ಹೋಗಿ ಈ ಕೀಲಿಯನ್ನೂ ಸೇರಿಸಿ ಕೊಟ್ಟರೆ ಖಾಸಗಿ ಕೀಲಿ ಪಿವಿಕೆ ಫೈಲಾಗಿ ಹೊರಬರುತ್ತದೆ. ಸರ್ಟಿಫಿಕೇಟ್ ಮತ್ತು ಈ ಪಿವಿಕೆ ಎರಡನ್ನೂ ಓಪನ್‌ಎಸ್‌ಎಸ್‌ಎಲ್‌ನಿಂದ ಕಟ್ಟಿ ಒಂದು ಪಿಎಫ್‌ಎಕ್ಸ್ ಮಾಡಿದರೆ, ಮುಂದಿನದು ನಿಮಗೆ ಗೊತ್ತು. ಒಂದೊಂದು ಹೆಜ್ಜೆಯೂ ಮುಂದಿನ ಹೆಜ್ಜೆಗೆ ಬೇಕಾದ ಹೆಸರನ್ನು ಹೇಳುತ್ತದೆ. ಕಾಗದ, ಪೆನ್ನು ಪಕ್ಕದಲ್ಲಿಟ್ಟುಕೊಂಡು ಕೂತರೆ ಮಧ್ಯಾಹ್ನದೊಳಗೆ ಮುಗಿಯುವ ಕೆಲಸ.

ಪಾಸ್‌ವರ್ಡ್ ವಿಚಾರದಲ್ಲಿ ಜನ ಎಡವುವುದು ಹೆಚ್ಚು. ಪಿನ್ ಬೇರೆ, ಪಾಸ್‌ವರ್ಡ್ ಬೇರೆ. ನಾಲ್ಕಂಕಿಯ ಪಿನ್ ನೆನಪಿದ್ದರೆ ಇಲ್ಲಿ ಸಾಲದು. "ನಮ್ಮ ಸಿಸ್ಟಮ್ಮಿಗೆ ಪಾಸ್‌ವರ್ಡೇ ಇರ್ಲಿಲ್ಲ" ಎನ್ನುವವರು ಆ ಜಾಗವನ್ನು ಖಾಲಿ ಬಿಟ್ಟು ಪ್ರಯತ್ನಿಸಬೇಕು, ಅದೂ ನಡೆಯುತ್ತದೆ. ಪಾಸ್‌ವರ್ಡ್ ಮರೆತು ಯಾರೋ ಪೆನ್ ಡ್ರೈವ್ ಹಾಕಿ ಬಲವಂತವಾಗಿ ಅಳಿಸಿಕೊಟ್ಟಿದ್ದರೆ, ಅಳಿಸುವ ಮೊದಲು ಇದ್ದದ್ದೇ ಬೇಕು. ಮಾಸ್ಟರ್ ಕೀಗೆ ಈ ಬಲವಂತದ ಬದಲಾವಣೆ ಗೊತ್ತೇ ಆಗಿರುವುದಿಲ್ಲ. ಹಳೆಯ ವಿಂಡೋಸ್ ಇನ್ನೂ ಬೂಟ್ ಆಗುತ್ತಿದ್ದು ಫೈಲ್ ಮಾತ್ರ ತೆರೆಯದೆ ಇದ್ದರೆ ಇದೇ ಕಾರಣ ಇರಬಹುದು. ಮೊದಲಿದ್ದ ಪಾಸ್‌ವರ್ಡನ್ನೇ ಮತ್ತೆ ಇಟ್ಟು ನೋಡಿ.

ಫೈಲ್ ತೆರೆಯಲು ಶುರುವಾದ ಕೂಡಲೇ ಬೀಗವನ್ನೇ ತೆಗೆದುಹಾಕಿ. ಫೋಲ್ಡರಿನ ಪ್ರಾಪರ್ಟೀಸ್, ಅಡ್ವಾನ್ಸ್ಡ್, ಟಿಕ್ ತೆಗೆದು, ಒಳಗಿನ ಎಲ್ಲ ಫೋಲ್ಡರ್‌ಗಳಿಗೂ ಅನ್ವಯಿಸು ಅನ್ನಿ.

ಸಿ ಪೂರ್ತಿ ಫಾರ್ಮ್ಯಾಟ್ ಆಗಿದ್ದರೆ

ಹಾರ್ಡ್ ಡಿಸ್ಕ್ ಆಗಿದ್ದು, ಕ್ವಿಕ್ ಫಾರ್ಮ್ಯಾಟ್ ಆಗಿದ್ದು, ಹೊಸ ವಿಂಡೋಸ್ ಹೆಚ್ಚು ದಿನ ಓಡಿರದಿದ್ದರೆ ಮೇಲಿನ ಸಾಫ್ಟ್‌ವೇರಿಗೆ ಇಮೇಜ್ ತೋರಿಸಿ ನೋಡಬಹುದು. ಕೀಲಿಗಳು ಪುಟ್ಟವು, ಅದೃಷ್ಟವಿದ್ದರೆ ಯಾವುದೋ ಮೂಲೆಯಲ್ಲಿ ಉಳಿದಿರುತ್ತವೆ. ಕ್ವಿಕ್ ಅಲ್ಲದ ಪೂರ್ತಿ ಫಾರ್ಮ್ಯಾಟ್ ಆಗಿದ್ದರೆ, ವಿಸ್ಟಾದಿಂದ ಈಚೆಗೆ ಅದು ಡ್ರೈವ್ ತುಂಬ ಸೊನ್ನೆ ಬರೆಯುತ್ತದೆ, ಏನೂ ಉಳಿಯುವುದಿಲ್ಲ. ಎಸ್‌ಎಸ್‌ಡಿಯ ಕಥೆ ಆಗಲೇ ಹೇಳಿದೆ. ಕೀಲಿ ಹೋದ ಮೇಲೆ ಬೀಗ ಒಡೆಯುತ್ತೇನೆ ಎನ್ನುವುದು ಸುಳ್ಳು. ಎಕ್ಸ್‌ಪಿಯ ಮೊದಲ ಸರ್ವಿಸ್ ಪ್ಯಾಕ್‌ನಿಂದ ಈಚೆಗೆ ಇಎಫ್‌ಎಸ್ ಬಳಸುವುದು 256 ಬಿಟ್‌ನ ಎಇಎಸ್. ಅದನ್ನು ಊಹಿಸಿ ಒಡೆಯುವ ಯಂತ್ರ ಬೆಂಗಳೂರಿನಲ್ಲೂ ಇಲ್ಲ, ಬೇರೆಲ್ಲೂ ಇಲ್ಲ. ‘ನೂರಕ್ಕೆ ನೂರು ರಿಕವರಿ, ಅಡ್ವಾನ್ಸ್ ಕೊಡಿ’ ಎಂದವರಿಗೆ ಕೈ ಮುಗಿದು ಎದ್ದು ಬನ್ನಿ.

ಹಾಗೆಂದು ಎಲ್ಲ ಮುಗಿಯಿತು ಅಂತಲ್ಲ. ಹೊಳಲ್ಕೆರೆ ಕಡೆಯ ನಿವೃತ್ತ ಮೇಷ್ಟ್ರೊಬ್ಬರ ಲ್ಯಾಪ್‌ಟಾಪಿಗೆ ನಾನೇ ವಿಂಡೋಸ್ ಹಾಕಿದ್ದೆ. ಸಿ ಎಸ್‌ಎಸ್‌ಡಿ, ಡಿ ಹಾರ್ಡ್ ಡಿಸ್ಕ್. ಡಿ ಮುಟ್ಟಲ್ಲ ಮೇಷ್ಟ್ರೇ ಎಂದು ನಾನೇ ಹೇಳಿದ್ದೆ. ಬೀಗವಿದೆಯಾ ಎಂದು ಕೇಳಲಿಲ್ಲ. ಕೀಲಿಯನ್ನು ಕೈಯಾರೆ ಅಳಿಸಿದ್ದೆ. ಆಗ ಹೊಳೆದ ದಾರಿ ಇದು. ಮೊದಲಿನಿಂದ ಇದ್ದ ಫೈಲಿಗೆ ಬೀಗ ಹಾಕುವಾಗ ವಿಂಡೋಸ್ ಅದರ ತೆರೆದ ನಕಲೊಂದನ್ನು ಅದೇ ಡ್ರೈವಿನಲ್ಲಿ ತಾತ್ಕಾಲಿಕವಾಗಿ ಮಾಡಿಟ್ಟು, ಕೆಲಸ ಮುಗಿದ ಮೇಲೆ ಅಳಿಸುತ್ತದೆ. ಅಳಿಸುತ್ತದೆ ಅಂದರೆ ಹೆಸರು ಹೊಡೆಯುತ್ತದೆ ಅಷ್ಟೇ, ಒಳಗಿನದು ಹಾರ್ಡ್ ಡಿಸ್ಕಿನಲ್ಲಿ ಹಾಗೇ ಬಿದ್ದಿರುತ್ತದೆ. ಡಿ ಡ್ರೈವ್ ಮುಟ್ಟಿಲ್ಲವಲ್ಲ, ಆ ಮಾತು ಇಲ್ಲಿ ಕೆಲಸಕ್ಕೆ ಬಂತು. ಫೋಟೋರೆಕ್ ಎಂಬ ಉಚಿತ ಸಲಕರಣೆಯಿಂದ ಡಿ ಡ್ರೈವಿನ ಖಾಲಿ ಜಾಗವನ್ನು ಜಾಲಾಡಿದಾಗ ಮೇಷ್ಟ್ರ ಫೋಟೋಗಳಲ್ಲಿ ಒಂದು ಪಾಲು, ಪಿಂಚಣಿಯ ಕಾಗದಗಳು ಸಿಕ್ಕವು. ಹೆಸರಿಲ್ಲ, ಕ್ರಮವಿಲ್ಲ, ಆದರೂ ಸಿಕ್ಕವು. ಬೀಗ ಹಾಕಿದ ಫೋಲ್ಡರಿನೊಳಗೇ ಹೊಸದಾಗಿ ಹುಟ್ಟಿದ ಫೈಲುಗಳಿಗೆ ಇಂಥ ನಕಲು ಇರುವುದಿಲ್ಲ, ಅವು ಸಿಗಲಿಲ್ಲ. ಸಿಕ್ಕಿದ್ದನ್ನು ಉಳಿಸುವುದು ಬೇರೆ ಡ್ರೈವಿಗೆ, ಡಿ ಡ್ರೈವಿಗೇ ಅಲ್ಲ.

ಜೊತೆಗೆ ಮೇಲ್‌ನ ಸೆಂಟ್ ಪೆಟ್ಟಿಗೆ, ವಾಟ್ಸಾಪ್‌ನಲ್ಲಿ ಕಳಿಸಿದ ಪಿಡಿಎಫ್, ಆಡಿಟರ್ ಕಚೇರಿಗೆ ಕೊಟ್ಟ ನಕಲು, ಇವನ್ನೂ ಹುಡುಕಿ. ಮರ್ಯಾದೆ ಬಿಟ್ಟು ಕೇಳಿದರೆ ಅರ್ಧ ಕಡತ ಹೀಗೇ ಸಿಗುತ್ತದೆ.

ಬಿಟ್‌ಲಾಕರ್ ಆದರೆ

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ನೀವು ಕೇಳದಿದ್ದರೂ ಇದು ಬಿದ್ದಿರುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಮೊದಲ ಸಲ ಲಾಗಿನ್ ಆದಾಗ ಡಿವೈಸ್ ಎನ್‌ಕ್ರಿಪ್ಷನ್ ಎಂಬ ಹೆಸರಿನಲ್ಲಿ ಇದೇ ಬೀಗ ಶುರುವಾಗುತ್ತದೆ. ವಿಂಡೋಸ್ 11ರ 24ಎಚ್2 ಆವೃತ್ತಿಯನ್ನು ಹೊಸದಾಗಿ ಹಾಕಿದರೆ ಇನ್ನೂ ಹೆಚ್ಚು ಯಂತ್ರಗಳಲ್ಲಿ ತಾನಾಗಿಯೇ ಆಗುತ್ತದೆ. ಡಿ ಡ್ರೈವ್ ತಾನಾಗಿ ತೆರೆಯಲು ಬೇಕಾದದ್ದೆಲ್ಲ ಸಿ ಡ್ರೈವಿನಲ್ಲಿತ್ತು. ಅದು ಹೋದ ಮೇಲೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ.

ಆ ಪೆಟ್ಟಿಗೆಯಲ್ಲಿ ‘ಕೀ ಐಡಿ’ ಎಂದು ಎಂಟು ಅಕ್ಷರ ತೋರಿಸುತ್ತದೆ, ಬರೆದುಕೊಳ್ಳಿ. ಮೊಬೈಲಿನ ಬ್ರೌಸರಿನಲ್ಲಿ ಎಕೆಎ ಡಾಟ್ ಎಂಎಸ್ ಸ್ಲ್ಯಾಶ್ ಮೈರಿಕವರಿಕೀ ಎಂದು ಹೋಗಿ, ಲಾಗಿನ್ ಆದರೆ ಆ ಖಾತೆಯ ಯಂತ್ರಗಳ ಕೀಗಳು ಪಟ್ಟಿಯಾಗಿ ಬರುತ್ತವೆ. ಎಂಟು ಅಕ್ಷರ ಹೊಂದುವುದನ್ನು ಹಾಕಿ. ಆರಾರು ಅಂಕಿಯ ಎಂಟು ಗುಂಪು. ಒಬ್ಬರು ಓದಿ ಒಬ್ಬರು ಒತ್ತಿದರೆ ತಪ್ಪಾಗುವುದಿಲ್ಲ.

"ನಮಗೆ ಅಂಥ ಖಾತೆಯೇ ಇಲ್ಲ" ಅನ್ನುತ್ತಾರೆ ಬಹಳ ಜನ. ಇರುತ್ತದೆ, ನಿಮ್ಮ ಹೆಸರಿನಲ್ಲಿ ಇರುವುದಿಲ್ಲ. ಲ್ಯಾಪ್‌ಟಾಪ್ ಕೊಂಡ ದಿನ ಯಾರು ಕೂತು ಸೆಟ್ ಮಾಡಿಕೊಟ್ಟರು? ಬೆಂಗಳೂರಿನಲ್ಲಿರುವ ಮಗನಾ, ಅಂಗಡಿಯ ಹುಡುಗನಾ, ಪಕ್ಕದ ಮನೆಯವರಾ? ಅವರ ಖಾತೆಯಲ್ಲಿ ನೋಡಿಸಿ. ಚಿತ್ರದುರ್ಗದ ಒಬ್ಬ ಹುಡುಗಿಯ ಕೀ ಸಿಕ್ಕಿದ್ದು ಅವಳಿಗೆ ಲ್ಯಾಪ್‌ಟಾಪ್ ಮಾರಿದ ಸೋದರಮಾವನ ಹಳೆಯ ಖಾತೆಯಲ್ಲಿ. ಕೀ ಎಲ್ಲೂ ಇಲ್ಲದಿದ್ದರೆ ಬಿಟ್‌ಲಾಕರಿಗೂ ಹಿಂಬಾಗಿಲಿಲ್ಲ.

ಫೈಲುಗಳನ್ನೆಲ್ಲ ಬೀಗ ಹಾಕಿದ ಒಂದೇ ಪೆಟ್ಟಿಗೆ ಫೈಲಿನಲ್ಲಿ ಇಡುವ ವೆರಾಕ್ರಿಪ್ಟ್ ಎಂಬ ಸಾಫ್ಟ್‌ವೇರ್ ಬಳಸುವವರು ಇಷ್ಟು ಓಡಾಡಬೇಕಿಲ್ಲ. ಅದರ ಕೀಲಿ ಆ ಪೆಟ್ಟಿಗೆ ಫೈಲಿನ ತಲೆಯಲ್ಲೇ ಇರುತ್ತದೆ. ಹೊಸ ವಿಂಡೋಸಿನಲ್ಲಿ ವೆರಾಕ್ರಿಪ್ಟ್ ಹಾಕಿ ಪಾಸ್‌ವರ್ಡ್ ಕೊಟ್ಟರೆ ಆಯಿತು. ಮನೆ, ಅಂಗಡಿಗೆ ನಾನು ಹೇಳುವುದು ಇದನ್ನೇ. ಇಎಫ್‌ಎಸ್‌ನ ಟಿಕ್ ಹಾಕುವುದು ಸುಲಭ ಅನ್ನೋದೇ ಅದರ ದೊಡ್ಡ ದೋಷ.

ಬಿಚ್ಚಿದ ಮೇಲೂ ಗೊಂದಲ ಕಂಡರೆ

ಯಜಮಾನರ ಫೈಲುಗಳ ಬೀಗ ತೆಗೆದು ಮೊದಲ ವರ್ಡ್ ಫೈಲ್ ತೆರೆದೆ. ಪರದೆ ತುಂಬ ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರ, ಮೇಲೆ ಕೊಂಬು ಬಾಲದ ಚಿಹ್ನೆ. "ಅಯ್ಯೋ, ಇನ್ನೂ ಲಾಕ್ ಬಿಟ್ಟಿಲ್ಲ" ಎಂದು ಅವರು ಕುರ್ಚಿಯಿಂದ ಎದ್ದೇಬಿಟ್ಟರು. ಲಾಕ್ ಬಿಟ್ಟಿತ್ತು. ಗುಮಾಸ್ತರು ರೈತರ ಹೆಸರನ್ನೆಲ್ಲ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದರು, ಹೊಸ ವಿಂಡೋಸಿನಲ್ಲಿ ಆ ಫಾಂಟ್ ಇರಲಿಲ್ಲ. ಯೂನಿಕೋಡ್ ಅಲ್ಲದ ನುಡಿ, ಬರಹ ಫೈಲುಗಳೆಲ್ಲ ಹೀಗೇ. ಎನ್‌ಕ್ರಿಪ್ಟ್ ಆದ ಫೈಲ್ ಅರ್ಧಂಬರ್ಧವಾಗಿ ತೆರೆಯುವುದಿಲ್ಲ, ತೆರೆಯುವುದೇ ಇಲ್ಲ. ಅಕ್ಷರ ಕಂಡಿತು ಅಂದರೆ ಅದು ಫಾಂಟಿನ ತಕರಾರು. ಹಳೆಯ ಎಸ್‌ಎಸ್‌ಡಿಯ ಫಾಂಟ್ಸ್ ಫೋಲ್ಡರಿನಿಂದಲೇ ನುಡಿಯನ್ನು ತಂದು ಹಾಕಿ ಫೈಲ್ ಮತ್ತೆ ತೆರೆದೆ. ಯಜಮಾನರು ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಮೂರನೇ ಸಾಲಿಗೆ ಬೆರಳು ನಿಂತಿತು. "ಇವ್ನು ಇನ್ನೂ ಹನ್ನೆರಡು ಚೀಲದ ಬಾಕಿ ಕೊಡ್ಬೇಕು ನೋಡು" ಎಂದು ಅಳಿಯನ ಕಡೆ ತಿರುಗಿದರು.